ಆರದ ಕಲ್ಲು

ಮದುವೆಯಾಗಿ ವೇಣೂರಿಗೆ ಬಂದ ದಿನದಿಂದ ಪ್ರಭಾವತಿಗೂ ಸೂರ್ಯನಿಗೂ ಆಗಿಬರುತ್ತಿರಲಿಲ್ಲ.

ಅದರಲ್ಲಿ ಸೂರ್ಯನ ತಪ್ಪು ದೊಡ್ಡದೇನೂ ಇರಲಿಲ್ಲವೆನ್ನಿ. ಎಲ್ಲ ಊರಿನಲ್ಲೂ ಮುಳುಗುವ ಹಾಗೆ ಅವನು ವೇಣೂರಿನಲ್ಲೂ ಮುಳುಗುತ್ತಿದ್ದ. ಆದರೆ ಅದು ಜೈನರ ಮನೆ. ಹೊತ್ತು ಕಂತಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಅದರಲ್ಲೂ ಅತ್ತೆ ಕಮಲಾವತಿ ಅಮ್ಮನವರು ವ್ರತ ಹಿಡಿದವರು. ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆಗೆ ಮುಟ್ಟುವವರಲ್ಲ. ಸೊಸೆ ಮಿಂದು ಮಡಿಯಲ್ಲಿ ಮಾಡಿದ್ದನ್ನು ಬಿಟ್ಟರೆ ಇನ್ನೊಬ್ಬರ ಕೈಯ ಅಡುಗೆ ಉಣ್ಣುವವರೂ ಅಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ಪ್ರಭಾವತಿ ಮತ್ತೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಕುಚ್ಚಲಕ್ಕಿ ಎಂಬುದು ಸಾಮಾನ್ಯಕ್ಕೆ ಬೇಯುವ ಜಾತಿಯಲ್ಲ. ಮಳೆಗಾಲ ಕಳೆದ ಹೊಸತಿನ ಸೌದೆಯೋ, ಹೊತ್ತಿಕೊಳ್ಳುವುದಕ್ಕಿಂತ ಅಳುವುದೇ ಹೆಚ್ಚು. ಊದುಗೊಳವೆಯಲ್ಲಿ ಊದಿ ಊದಿ ಅವಳ ಕೆನ್ನೆ ಬಲೂನಿನ ಹಾಗಾಗಿರುವಾಗ ಅಂಗಳದಿಂದ ಅತ್ತೆಯ ಸ್ವರ ಬರುತ್ತಿತ್ತು:

"ಪ್ರಭಾ, ಇನ್ನೊಂದು ಗೇಣು ಉಂಟು!"

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಪಡುವಣ ಗುಡ್ಡವನ್ನೇ ನೋಡುತ್ತ ನಿಂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ, "ಪ್ರಭಾ, ನಾಲ್ಕು ಬೆರಳು!" ಆಮೇಲೆ, "ಪ್ರಭಾ, ತಳ ತಾಗಿತು!" ತಳ ತಾಗಿತೆಂದರೆ ಸೂರ್ಯನ ತಳ ಗುಡ್ಡಕ್ಕೆ ತಾಗಿತೆಂದು. ಅಷ್ಟರಲ್ಲಿ ಬಾಳೆಯೆಲೆಯ ಮೇಲೆ ಅನ್ನ ಬಿದ್ದಿರಬೇಕು. ಬೀಳದಿದ್ದರೆ ಅತ್ತೆ ಬಯ್ಯುವವರಲ್ಲ. ಸುಮ್ಮನೆ ನೀರು ಕುಡಿದು ಎದ್ದುಬಿಡುವವರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಹೀಗಿರುವಾಗ, ರಷ್ಯಾದವರು ಆಕಾಶಕ್ಕೆ ನಾಯಿಯನ್ನು ಹಾರಿಸಿದ ಮರುವರ್ಷದ ಕಾರ್ತಿಕದಲ್ಲಿ, ಬೆಳುವಾಯಿಯಿಂದ ಹೇಳಿಕೆ ಬಂತು. ತಂಗಿ ಪ್ರಫುಲ್ಲಾಳಿಗೆ ಬಯಕೆ ಮದುವೆ, ಅಂದರೆ ಸೀಮಂತ, ಬರುವ ಗುರುವಾರ. ತಾಯಿ ತೀರಿಕೊಂಡದ್ದರಿಂದ ಬಸುರಿಗೆ ಮೊದಲ ಹೂ ಮುಡಿಸಬೇಕಾದವಳು ಅಕ್ಕ ಪ್ರಭಾವತಿಯೇ. ಡ್ರೈವರ್ ಮಮ್ಮುವಿನ ಬೆಳಗ್ಗಿನ ಬಸ್ಸಿಗೆ ಹೋದರೆ ಮೂಡುಬಿದಿರೆ ದಾಟಿ ಹೊತ್ತಿಗೆ ಸರಿಯಾಗಿ ಬೆಳುವಾಯಿ ಮುಟ್ಟಬಹುದು. ತೊಂದರೆ ಮರಳಿ ಬರುವುದರಲ್ಲಿತ್ತು. ಅದೇ ಬಸ್ಸು ವೇಣೂರಿಗೆ ಮರಳುವಾಗ ಸೂರ್ಯ ಒಂದು ಗೇಣು ಮಾತ್ರ ಉಳಿದಿರುತ್ತಾನೆ. ಒಂದು ಗೇಣಿನಲ್ಲಿ ಕುಚ್ಚಲಕ್ಕಿ ಬೇಯಿಸಿದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿರಲಿಲ್ಲ.

"ಹೋಗ್ಬೇಡ ಅಂತ ನಾನು ಹೇಳೂದಿಲ್ಲ," ಎಂದರು ಅತ್ತೆ. "ನನಗೆ ಒಂದು ದಿನ ಉಣ್ಣದಿದ್ರೆ ಎಂತ ಆಗ್ತದೆ?"

ಇದಕ್ಕಿಂತ ಗಟ್ಟಿಯಾಗಿ ಹೋಗಬೇಡ ಎನ್ನಲು ಯಾರಿಂದಲೂ ಸಾಧ್ಯವಿಲ್ಲ. ಪ್ರಭಾವತಿ ಅಡುಗೆಮನೆಗೆ ಹೋಗಿ, ಹೊಗೆಯಿಂದ ಎಂಬ ನೆಪದಲ್ಲಿ, ಕಣ್ಣೊರೆಸಿಕೊಂಡಳು.

ಕಲ್ಲು ಸಿಕ್ಕಿದ್ದು ಅದರ ಮರುದಿನ.

ತೋಟದ ಕೆಲಸದ ಹುಕ್ರಪ್ಪ ಬಚ್ಚಲಿನ ಹಿಂದೆ ತೆಂಗಿನ ಸಸಿಗೆ ಹೊಂಡ ತೆಗೆಯುತ್ತಿದ್ದ. ಮುರಕಲ್ಲಿನ ನಡುವೆ ತೆಂಗಿನಕಾಯಿ ಗಾತ್ರದ ಒಂದು ಕಪ್ಪು ಉಂಡೆ ಸಿಕ್ಕಿತು. ಚಂದ ಉಂಟಲ್ಲ ಎಂದು ತಲೆಯ ಮೇಲಿನ ಅಡಿಕೆಹಾಳೆಯ ಟೊಪ್ಪಿ, ಮುಟ್ಟಾಳೆ, ತೆಗೆದು, ಅದರಲ್ಲಿ ಉಂಡೆಯನ್ನಿಟ್ಟು, ವೀಳ್ಯ ಹಾಕಲು ಕೂತ. ಸುಣ್ಣ ಸವರಿ ಮುಗಿಯುವುದರೊಳಗೆ ಮುಟ್ಟಾಳೆಗೆ ಬೆಂಕಿ ಹತ್ತಿತು. ಹುಕ್ರಪ್ಪ ಬೊಬ್ಬೆ ಹಾಕಿ ಕಲ್ಲನ್ನು ಸಲಿಕೆಯಲ್ಲಿ ಎತ್ತಿ ಬಚ್ಚಲ ಹಂಡೆಗೆ ಎಸೆದ. ಹಂಡೆಯ ನೀರು ಕೊತಕೊತ ಕುದಿಯಿತು.

"ಧನಿ, ಬನ್ನಿ!" ಎಂದು ಕೂಗಿದ. "ಇಲ್ಲೊಂದು ಕಲ್ಲಿಗೆ ಜ್ವರ ಬಂದಿದೆ!"

ಧನಿ ಎಂದರೆ ಪ್ರಭಾವತಿಯ ಗಂಡ ಅಭಯಚಂದ್ರ. ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್‌ ಸಯನ್ಸು ಓದಿ ಬಂದವನು; ಬಂದ ಮೇಲೆ ಆ ಸಯನ್ಸಿಗೆ ಊರಿನಲ್ಲಿ ಏನೂ ಕೆಲಸ ಸಿಕ್ಕದೆ ಒಳಗೊಳಗೇ ಹುಳಿಬರುತ್ತಿದ್ದವನು. ಅವನ ಕಣ್ಣು ಹಂಡೆಯ ಬಾಯಿಯಷ್ಟಾಯಿತು. ಕಲ್ಲನ್ನು ಇಕ್ಕುಳದಲ್ಲಿ ತೆಗೆದು ತಕ್ಕಡಿಗೆ ಹಾಕಿದ, ನೀರಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ನೀರು ಬತ್ತಿದ ಹಾಗೆಲ್ಲ ಹೊಸ ನೀರು ಹೊಯ್ದ. ಕಲ್ಲು ಬೆಳಗಾನ ಕುದಿಸಿತು, ಮರುದಿನವೂ ಕುದಿಸಿತು. ತೂಕದಲ್ಲಿ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ನೀರಿನಲ್ಲಿರುವಾಗ ಕಪ್ಪಗೆ, ಸಾಧುವಾಗಿ ಇರುತ್ತಿತ್ತು. ಹೊರಗೆ ಒಣಗಲು ಬಿಟ್ಟರೆ ಮೆಲ್ಲಮೆಲ್ಲನೆ ಕೆಂಪಾಗಿ, ಹಳದಿಯಾಗಿ, ಕೊನೆಗೆ ನೋಡಲಾಗದಷ್ಟು ಬೆಳಗುತ್ತಿತ್ತು.

"ಪ್ರಭಾ, ಇದು ಮುಗಿಯುವ ವಸ್ತು ಅಲ್ಲ," ಎಂದ ಅಭಯಚಂದ್ರ. "ಗೊತ್ತಾಯ್ತಾ ನಿನಗೆ? ಮುಗಿಯೂದೇ ಇಲ್ಲ!"

"ಅನ್ನ ಬೇಯ್ತದಾ ಅದರಲ್ಲಿ?" ಎಂದು ಕೇಳಿದಳು ಪ್ರಭಾವತಿ.

ಬೇಯಿತು. ಪಾತ್ರೆಗೆ ನೀರು, ಅಕ್ಕಿ. ಆ ಪಾತ್ರೆಯನ್ನು ಕಲ್ಲಿರುವ ಹಂಡೆಯೊಳಗೆ ಇಳಿಸಿದ್ದಷ್ಟೇ. ಹೊಗೆಯಿಲ್ಲ, ಊದುಗೊಳವೆಯಿಲ್ಲ. ಅವಳು ತಲೆಗೂದಲು ಬಾಚಿ ಜಡೆ ಹೆಣೆದು ಬರುವಷ್ಟರಲ್ಲಿ ಕುಚ್ಚಲಕ್ಕಿ ಅರಳಿ ಕೂತಿತ್ತು. ಪ್ರಭಾವತಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕಳು. ಬಾಗಿಲು ಮುಚ್ಚಿಕೊಂಡು ಇನ್ನಷ್ಟು ನಕ್ಕಳು. ಒಂದು ಗೇಣು ಸೂರ್ಯ! ಅವಳಿಗೆ ಈಗ ಒಂದು ಗೇಣು ಸೂರ್ಯ ಸಾಕೋ ಸಾಕು.

ಹೋಗಿ ಅತ್ತೆಗೆ ಹೇಳಿದಳು. ಕಮಲಾವತಿ ಅಮ್ಮನವರು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು, ಸೊಸೆಯನ್ನೂ ಹಾಗೆಯೇ ನೋಡಿದರು.

"ಬುಧವಾರ ಮಾಡಿ ತೋರಿಸು," ಎಂದರು. "ಮಮ್ಮುವಿನ ಬಸ್ಸು ಬಂದು ನಿಂತ ಮೇಲೆ ಪಾತ್ರೆ ಮುಟ್ಟಬೇಕು. ಹೊತ್ತು ಕಂತುವ ಮೊದಲು ನಾನು ಉಂಡು ಕೈ ತೊಳೆದಿರಬೇಕು. ಆದ್ರೆ ಗುರುವಾರ ಹೋಗಿ ಬಾ."

ಆದರೆ ಮುಗಿಯದ ವಸ್ತುವೊಂದು ಒಂದು ಮನೆಯ ಹಂಡೆಯೊಳಗೆ ಬುಧವಾರದ ತನಕ ಸುಮ್ಮನೆ ಕೂತಿರುತ್ತದೆಯೇ? ಹುಕ್ರಪ್ಪ ಸುಟ್ಟ ಮುಟ್ಟಾಳೆಯನ್ನು ತಲೆಗಿಟ್ಟುಕೊಂಡೇ ಊರೆಲ್ಲ ತಿರುಗಿದ. ಸಂಜೆಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವರು ಶಾಲೆಯ ವೆಂಕಪ್ಪ ಮಾಸ್ಟ್ರು. ಅವರು ಜಗಲಿಯ ಕಂಬಕ್ಕೆ ಒರಗಿ ನಿಂತರೆ ಆ ಕಂಬವೇ ಕರಿಹಲಗೆಯಾಗುತ್ತಿತ್ತು.

"ಮಹನೀಯರೇ, ಇನ್ನು ಲೋಕ ಹಿಂದಿನಂತೆ ಇರುವುದಿಲ್ಲ. ಹಡಗುಗಳಿಗೆ ಕಲ್ಲಿದ್ದಲು ಬೇಡ. ರೈಲಿಗೆ ಬೇಡ. ಸೈಬೀರಿಯಾದಲ್ಲಿ ಜನ ಬರಿಮೈಯಲ್ಲಿ ಮಲಗಬಹುದು. ಹಿಮಾಲಯದಲ್ಲಿ ಬಾಳೆಗಿಡ ಹಾಕಬಹುದು!"

"ಬಾಳೆಗೊನೆ ಇಳಿಸ್ಲಿಕ್ಕೆ ಅಲ್ಲಿಗೆ ಹತ್ತುವವ ಯಾರು ಮಾಸ್ಟ್ರೇ? ನಾನಂತೂ ಹತ್ತೂದಿಲ್ಲ," ಎಂದ ಹುಕ್ರಪ್ಪ.

"ಹತ್ತಲಿಕ್ಕೂ ಯಂತ್ರ ಉಂಟು ಮಾರಾಯ! ಕೆಲಸ ಎಂಬ ಶಬ್ದವೇ ಇನ್ನು ನಿಘಂಟಿನಲ್ಲಿ ಮಾತ್ರ. ರಷ್ಯಾ ಅಮೆರಿಕಾ ಎರಡೂ ವೇಣೂರಿಗೆ ಬಂದು, ಸ್ವಾಮೀ ಒಂದು ಚೂರು ಕೊಡಿ ಅಂತ ಈ ಜಗಲಿಯಲ್ಲಿ ಕೂರ್ತವೆ."

"ಕೂರ್ಲಿ. ಆದ್ರೆ ಒಂದೇ ಚಾಪೆಯಲ್ಲಿ ಬೇಡ, ಜಗಳ ಆದೀತು," ಎಂದಳು ನೆರೆಮನೆಯ ಕಾವೇರಮ್ಮ. ಅವಳು ಸೊಂಟದ ಮೇಲೆ ಕೈಯಿಟ್ಟು ಆಗಿನಿಂದ ಒಂದು ವಿಷಯ ಯೋಚಿಸುತ್ತಿದ್ದಳು. "ಅಲ್ಲ ಮಾಸ್ಟ್ರೇ, ಎಲ್ಲ ಸರಿ. ಒಲೆಯೇ ಇಲ್ಲದ ಮೇಲೆ ಬೂದಿಗೆ ಎಂತ ಮಾಡೂದು?"

ಮಾಸ್ಟ್ರು ಕಂಬದಿಂದ ಬೆನ್ನು ತೆಗೆದರು.

"ಪಾತ್ರೆ ತಿಕ್ಕೂದು ಎಂತದರಲ್ಲಿ? ತೊಂಡೆಚಪ್ಪರಕ್ಕೆ ಹುಳ ಬಿದ್ರೆ ಎಂತ ಹಾಕೂದು? ನೀವು ಹಲ್ಲು ತಿಕ್ಕೂದು ಯಾವುದರಲ್ಲಿ?"

ಅಮೆರಿಕಾ, ರಷ್ಯಾಗಳಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ ಅದು. ಆ ಸಂಜೆಯ ಸಭೆ ಬೂದಿಯ ವಿಷಯದಲ್ಲೇ ಮುಗಿಯಿತು.

ಮರುದಿನ ಪಾಣೆಮಂಗಳೂರಿನಿಂದ ಅಬ್ದುಲ್ ಶುಕೂರ್ ಬ್ಯಾರಿಗಳು ಬಂದಿಳಿದರು. ಅವರದು ಅಲ್ಲಿ ದೊಡ್ಡ ಸೌದೆ ಡಿಪೋ. ನೇತ್ರಾವತಿ ದಂಡೆಯ ಹೆಂಚಿನ ಕಾರ್ಖಾನೆಗಳಿಗೆಲ್ಲ ಸೌದೆ ಹೋಗುತ್ತಿದ್ದದ್ದು ಅವರಲ್ಲಿಂದಲೇ. ಹಂಡೆಯ ಮುಂದೆ ಕುಕ್ಕರಿಸಿ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, ಬಹಳ ಹೊತ್ತು ಕುದಿಯುವ ನೀರನ್ನೇ ನೋಡಿದರು.

"ಹೆಗ್ಡೇರೇ, ನನ್ನ ಕಥೆ ಮುಗೀತು," ಎಂದು ಅಭಯಚಂದ್ರನಿಗೆ ಹೇಳಿದರು. "ಗುಡ್ಡೆಯಷ್ಟು ಸೌದೆ ರಾಶಿ ಹಾಕಿ ಇಟ್ಟಿದ್ದೇನೆ. ಇನ್ನು ಅದರ ಮೇಲೆ ಹತ್ತಿ ಊರು ನೋಡ್ಲಿಕ್ಕೆ ಮಾತ್ರ ಆದೀತು."

"ಹಾಗೆ ಹೇಳ್ಬೇಡಿ ಶುಕೂರಾಕ," ಎಂದು ಅಭಯಚಂದ್ರ ಸಮಾಧಾನ ಮಾಡಿದ. "ಲೋಕಕ್ಕೆ ಒಳ್ಳೇದಾಗ್ತದೆ."

"ಲೋಕಕ್ಕೆ ಆಗ್ಲಿ. ಲೋಕದಲ್ಲಿ ಪಾಣೆಮಂಗಳೂರು ಉಂಟಾ ಇಲ್ವಾ, ಅಷ್ಟು ಹೇಳಿ."

ಆದರೆ ಬ್ಯಾರಿಗಳು ಹೆಚ್ಚು ಹೊತ್ತು ಬೇಸರಿಸಿಕೊಂಡು ಕೂರುವ ಜಾತಿಯವರಲ್ಲ. ಪ್ರಭಾವತಿ ಕೊಟ್ಟ ಬೆಲ್ಲದ ನೀರು ಗುಟುಕರಿಸುತ್ತಿರುವಾಗಲೇ ಅವರ ಹುಬ್ಬು ಮೇಲಕ್ಕೆ ಹೋಯಿತು. "ಹೆಗ್ಡೇರೇ, ಹೆಂಚು ಸುಡ್ಲಿಕ್ಕೆ ಸೌದೆ ಬೇಡ ಅಂತಾದ್ರೆ ಕಾಡು ಕಡಿಯೂದು ಬೇಡ. ಕಡಿಯದಿದ್ರೆ ಕಾಡು ಬೆಳೀತದೆ. ಬೆಳೆದ್ರೆ ಜೇನು, ಮರ, ಹುಲಿ! ನಾವು ಜನರನ್ನು ಮಮ್ಮುವಿನ ಬಸ್ಸಲ್ಲಿ ಕರ್ಕೊಂಡು ಹೋಗಿ ಹುಲಿ ತೋರಿಸುವ!"

"ನನ್ನ ಬಸ್ಸಿಗೆ ಹುಲಿ ಯಾಕೆ ಶುಕೂರಾಕ? ಬ್ರೇಕ್ ಇಲ್ಲದ್ದೇ ಸಾಕು ಜನ ಹೆದರ್ಲಿಕ್ಕೆ," ಎಂದ ಡ್ರೈವರ್ ಮಮ್ಮು. ಅವನಿಗೆ ಅವನದೇ ಕನಸಿತ್ತು. ಯುದ್ಧಕಾಲದಲ್ಲಿ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅದು. ಹಿಂಭಾಗದಲ್ಲಿ ಈಗಲೂ ಆ ಖಾಲಿ ಕಬ್ಬಿಣದ ಪೀಪಾಯಿ ತೂಗುತ್ತಿತ್ತು. ಅದಕ್ಕೆ ಈ ಕಲ್ಲನ್ನೊಮ್ಮೆ ಹಾಕಿದರೆ, ಬಂಟ್ವಾಳದಿಂದ ಹೊರಟವನು ಬೊಂಬಾಯಿ ಮುಟ್ಟಿಯೇ ನಿಲ್ಲಿಸುವುದೆಂದು ಹೇಳುತ್ತಿದ್ದ.

ಹೀಗೆ ಮನೆಯ ತುಂಬ ಹಡಗು, ಹುಲಿ, ಬೊಂಬಾಯಿ. ಪ್ರಭಾವತಿ ಬಂದವರಿಗೆಲ್ಲ ಬೆಲ್ಲ, ನೀರು ಕೊಡುತ್ತ ಒಂದೇ ವಿಷಯ ಎಣಿಸುತ್ತಿದ್ದಳು. ಗುರುವಾರ. ಬೆಳುವಾಯಿ. ಪ್ರಫುಲ್ಲಾಳ ತಲೆಗೂದಲು ಚಿಕ್ಕಂದಿನಲ್ಲಿ ಹೇಗಿತ್ತೆಂದರೆ ಎಷ್ಟು ಮಲ್ಲಿಗೆ ಮುಡಿಸಿದರೂ ಜಾರುತ್ತಿತ್ತು. ಈಗಲೂ ಹಾಗೆಯೇ ಇರಬಹುದೇ?

ಬುಧವಾರ ಬಂತು. ಸೊಸೆಗೆ ಪರೀಕ್ಷೆಯಂತೆ ಎಂಬ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ನೋಡಲು ಊರಿನ ಹೆಂಗಸರೆಲ್ಲ ಸೇರಿದರು. ಆದರೆ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಪಾತ್ರೆಯಿತ್ತು. ಒಂದರಲ್ಲಿ ಭತ್ತ, ಒಂದರಲ್ಲಿ ಹುರುಳಿ, ಒಂದರಲ್ಲಿ ಎಮ್ಮೆಗೆ ಇಡುವ ಅಕ್ಕಚ್ಚು. ಒಬ್ಬಳಂತೂ ಬಾಣಂತಿಗೆ ಮೀಯಿಸುವ ನೀರಿಗೆಂದು ಹಿತ್ತಾಳೆಯ ಕೊಪ್ಪರಿಗೆಯನ್ನೇ ಉರುಳಿಸಿಕೊಂಡು ಬಂದಿದ್ದಳು.

ಪೇಟೆಯ ಕಡೆಯಿಂದ ಮಮ್ಮುವಿನ ಬಸ್ಸಿನ ಹಾರ್ನು ಕೇಳಿತು. "ಒಂದು ಗೇಣು!" ಎಂದು ಅಂಗಳದಿಂದ ಅತ್ತೆ ಕೂಗಿದರು. ಪ್ರಭಾವತಿ ಸೆರಗು ಬಿಗಿದು ಪಾತ್ರೆ ಮುಟ್ಟಿದಳು.

"ಪ್ರಭಕ್ಕಾ, ನನ್ನದು ಒಂದು ಕುದಿ ಅಷ್ಟೇ," ಎಂದಳು ಕಾವೇರಮ್ಮ. "ನೀನು ಅಕ್ಕಿ ತೊಳೆಯುವಷ್ಟರಲ್ಲಿ ಆಯ್ತು."

ಆಯಿತು. ಕಾವೇರಮ್ಮನದಾದ ಮೇಲೆ ಅವಳ ನಾದಿನಿಯದು. ನಾದಿನಿಯದಾಗುವಾಗ ಕೊಪ್ಪರಿಗೆಯವಳು, "ಬಾಣಂತಿ ಚಳಿಯಲ್ಲಿ ಕೂತಿದ್ದಾಳೆ, ನಿಮಗೆಲ್ಲ ಮನುಷ್ಯತ್ವ ಇಲ್ವಾ?" ಎಂದು ಕಲ್ಲನ್ನೇ ಇಕ್ಕುಳದಲ್ಲಿ ಎತ್ತಿಕೊಂಡು ಹೋದಳು. ಪ್ರಭಾವತಿ ಅವಳ ಹಿಂದೆ ಓಡಿ ಕಲ್ಲನ್ನು ತಂದು ಹಂಡೆಗೆ ಹಾಕಿ ಅನ್ನದ ಪಾತ್ರೆ ಇಳಿಸಿದಳು. ಮರುಗಳಿಗೆಯಲ್ಲಿ ಇನ್ಯಾರೋ ಅದರ ಪಕ್ಕದಲ್ಲೇ ಹುರುಳಿ ತುರುಕಿದರು. ಲೋಕದಲ್ಲಿ ಕೆಲಸವೇ ಇರುವುದಿಲ್ಲ ಎಂದು ಮಾಸ್ಟ್ರು ಜಗಲಿಯಲ್ಲಿ ಈಗಲೂ ವಿವರಿಸುತ್ತಿದ್ದರು; ಒಳಗೆ ಅವಳು ಹನ್ನೆರಡು ಮನೆಯ ಅಡುಗೆಯನ್ನು ಒಂದೇ ಸಲ ಇಳಿಸುತ್ತ, ಏರಿಸುತ್ತ, ಮುಚ್ಚುತ್ತ, ಬಗ್ಗಿಸುತ್ತ ಬೆವರಿ ನೀರಾಗಿದ್ದಳು. ಬೆಂಕಿ ಮುಗಿಯುವುದಿಲ್ಲ, ಹಾಗೆಂದೇ ಪಾತ್ರೆಗಳೂ ಮುಗಿಯಲೊಲ್ಲವು.

"ನಾಲ್ಕು ಬೆರಳು!" ಎಂಬ ಕೂಗು ಕೇಳಿತು. ಅಷ್ಟರಲ್ಲಿ ಅನ್ನವೇನೋ ಅರಳಿತ್ತು, ಸೌತೆಕಾಯಿ ಹುಳಿ ಕುದಿದಿತ್ತು. ಆದರೆ ಬಚ್ಚಲಲ್ಲಿ ಹೆಂಗಸರ ಜಗಳ ಮೇರೆ ಮೀರಿತ್ತು. ಮುಂದಿನ ಸರದಿ ಯಾರದು ಎಂದು ಒಬ್ಬಳು ಕೊಪ್ಪರಿಗೆ ಬಾರಿಸುತ್ತಿದ್ದಳು, ಇನ್ನೊಬ್ಬಳು ಎಮ್ಮೆಯ ಪರವಾಗಿ ಅಳುತ್ತಿದ್ದಳು.

"ಯಾರಿಗೂ ಇಲ್ಲ! ಇವತ್ತಿಗೆ ಸಾಕು!" ಎಂದು ಅಭಯಚಂದ್ರ ನುಗ್ಗಿ ಬಂದು ಕಲ್ಲನ್ನು ಇಕ್ಕುಳದಲ್ಲಿ ಹಿಡಿದು ಹೊರಗೆ ನಡೆದ. ಯಾರ ಕೈಗೂ ಎಟುಕದ ಹಾಗೆ ಅಂಗಳದ ಪಡುವಣ ಪಾಗಾರದ ಗೋಡೆಯ ಮೇಲೆ ಇಟ್ಟುಬಿಟ್ಟ.

ಅದೇ ಹೊತ್ತಿಗೆ ಪ್ರಭಾವತಿ ಅತ್ತೆಯನ್ನು ಒಳಗೆ ಕರೆದು ಎಲೆಯ ಮುಂದೆ ಕೂರಿಸಿದಳು. ಬಿಸಿಬಿಸಿ ಅನ್ನ, ಹುಳಿ, ಬಾಳೆಕಾಯಿ ಪಲ್ಯ. ಪಡುವಣ ಕಿಟಕಿಯಿಂದ ಹೊಂಬಿಸಿಲು ಎಲೆಯ ಮೇಲೆ ಬಿದ್ದಿತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಕಿಟಕಿಯ ಕಡೆ ನೋಡಿದರು. ಇನ್ನೊಂದು ತುತ್ತು, ಇನ್ನೊಮ್ಮೆ ಕಿಟಕಿ. ಬಿಸಿಲು ಇದ್ದಲ್ಲೇ ಇತ್ತು. ಇಷ್ಟು ವರ್ಷ ಓಡುವ ಬಸ್ಸು ಹಿಡಿಯುವವರಂತೆ ಉಣ್ಣುತ್ತಿದ್ದ ಕಮಲಾವತಿ ಅಮ್ಮನವರು ಮೊದಲ ಬಾರಿಗೆ ಬೆನ್ನು ಸಡಿಲಿಸಿ ಕೂತರು.

"ಹುಳಿ ಚಂದ ಆಗಿದೆ ಪ್ರಭಾ. ದಿನಾ ಹೀಗೆಯೇ ಮಾಡ್ತೀಯಾ?"

"ದಿನಾ ಹೀಗೆಯೇ ಅತ್ತೆ. ನಿಮಗೆ ರುಚಿ ನೋಡ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ."

ಅತ್ತೆ ನಕ್ಕರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ತಮ್ಮ ಮದುವೆಯ ಊಟದಲ್ಲಿ ಹೊತ್ತು ಕಂತಿ, ಪಾಯಸ ಬಡಿಸುವ ಮೊದಲೇ ಎಲ್ಲರೂ ಎದ್ದ ಕಥೆ ಹೇಳಿದರು. ಮಜ್ಜಿಗೆಗೆ ಬಂದರು. ಪ್ರಭಾವತಿ ಕಿಟಕಿಯತ್ತ ಕಣ್ಣು ಹಾಯಿಸಿದಳು. ಬಿಸಿಲು ಕಡಿಮೆಯಾಗುವುದಿರಲಿ, ತುಸು ಹೆಚ್ಚೇ ಆದಂತಿತ್ತು. ಕೋಳಿಗಳು ಅಂಗಳದಲ್ಲಿ ಇನ್ನೂ ಕೆದಕುತ್ತಿದ್ದವು. ಸೂರ್ಯನಿಗೂ ಕೊನೆಗೆ ನನ್ನ ಮೇಲೆ ಕನಿಕರ ಬಂತು ಎಂದುಕೊಂಡಳು.

ಆಗ ಶುಕೂರ್ ಬ್ಯಾರಿಗಳೂ ಮಮ್ಮುವೂ ಮುಖ ಕೈಕಾಲು ಒದ್ದೆ ಮಾಡಿಕೊಂಡು, ಟೊಪ್ಪಿ ಸರಿಪಡಿಸಿಕೊಳ್ಳುತ್ತ, ಅಂಗಳ ದಾಟಿ ಬಂದರು.

"ಎಲ್ಲಿಗೆ ಹೋದದ್ದು ಮಮ್ಮು, ಸೊಸೆಯ ಪರೀಕ್ಷೆ ನೋಡದೆ?" ಎಂದು ಅತ್ತೆ ಒಳಗಿನಿಂದಲೇ ತಮಾಷೆಯಲ್ಲಿ ಕೇಳಿದರು.

"ಪಳ್ಳಿಗೆ ಅಮ್ಮ. ಮಗ್ರಿಬ್ ನಮಾಜು ಮುಗಿಸಿ ಬಂದ್ವಿ."

ಕಮಲಾವತಿ ಅಮ್ಮನವರ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು. ಅವರು ಮದುವೆಯಾಗಿ ಬಂದಾಗಿನಿಂದ ಆ ಪಳ್ಳಿಯ ಪಕ್ಕದಲ್ಲೇ ಬದುಕಿದವರು. ಮಗ್ರಿಬ್ ನಮಾಜು ಹೊತ್ತು ಕಂತಿದ ಮೇಲಿನದ್ದೆಂದು ವೇಣೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಎದ್ದರು. ಮೆಲ್ಲಗೆ ಅಂಗಳಕ್ಕೆ ಬಂದರು. ಹಿಂದೆ ಪ್ರಭಾವತಿ. ಪಾಗಾರದ ಮೇಲೆ ಕಲ್ಲು, ನೋಡಿದರೆ ಕಣ್ಣು ಕುಕ್ಕುವ ಹಾಗೆ, ಜಾಜ್ವಲ್ಯಮಾನವಾಗಿ ಕೂತಿತ್ತು. ಅದರ ಮೇಲ್ಗಡೆ ಆಕಾಶ ಕಪ್ಪಾಗಿತ್ತು. ನಕ್ಷತ್ರಗಳು ಬಂದಾಗಿತ್ತು. ಎಲ್ಲಿಂದಲೋ ಹಾರಿಬಂದ ಹಾತೆಗಳು ಕಲ್ಲಿನ ಸುತ್ತ ಮುಗಿಬೀಳುತ್ತಿದ್ದವು.

ಕೊಪ್ಪರಿಗೆಯವಳೂ ಬಾರಿಸುವುದನ್ನು ನಿಲ್ಲಿಸಿದಳು. ಪ್ರಭಾವತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮುಗಿಯಿತು ಬೆಳುವಾಯಿ. ಅತ್ತೆಯ ಆಯುಷ್ಯದ ವ್ರತವನ್ನು ತನ್ನ ಕೈಯಾರೆ ಬಡಿಸಿ ಬಡಿಸಿ ಮುರಿದಾಯಿತು, ಅದೂ ಎರಡೆರಡು ಸಲ ಅನ್ನ ಹಾಕಿ.

"ಅಭಯಾ," ಎಂದರು ಕಮಲಾವತಿ ಅಮ್ಮನವರು. "ಇದನ್ನು ಇಲ್ಲಿ ಇಟ್ಟವ ಯಾರು?"

"ನಾನಮ್ಮ... ಜಗಳ ನಿಲ್ಲಿಸ್ಲಿಕ್ಕೆ..."

"ಮೊದಲು ಆ ಕಲ್ಲನ್ನು ನೀರಿಗೆ ಹಾಕು. ಎಷ್ಟು ಜೀವ ಸಾಯ್ತಾ ಉಂಟು ನೋಡು."

ಅಭಯಚಂದ್ರ ಓಡಿಹೋಗಿ ಕಲ್ಲನ್ನು ಎತ್ತಿ ಬಾಲ್ದಿಗೆ ಹಾಕಿದ. ಛೊಂಯ್ ಎಂದು ಲೋಕವೆಲ್ಲ ಒಮ್ಮೆಲೇ ರಾತ್ರಿಯಾಯಿತು. ಕೋಳಿಗಳು ಕಕ್ಕಾಬಿಕ್ಕಿಯಾಗಿ ಜನರ ಕಾಲಿಗೆ ಡಿಕ್ಕಿ ಹೊಡೆದವು.

ಕತ್ತಲಲ್ಲಿ ಅತ್ತೆಯ ಸ್ವರ ಕೇಳಿತು. ಅದು ಗದರುತ್ತಿರಲಿಲ್ಲ; ಯಾವುದೋ ಒಂದು ಬಗೆಯಲ್ಲಿ ನಡುಗುತ್ತಿತ್ತು. ನಗು ತಡೆಯುತ್ತಿದ್ದಾರೆ ಎಂದು ಪ್ರಭಾವತಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ಇಷ್ಟು ವರ್ಷ ಆ ಗುಡ್ಡೆಯನ್ನು ಕಾದೆ ನಾನು. ಒಂದು ಕಲ್ಲು ಬಂದು ನನ್ನನ್ನು ಮಂಗ ಮಾಡಿತಲ್ಲ ಮಾರಾಯ್ತಿ! ಪಾಯಸದ ಕಥೆ ಬೇರೆ ಹೇಳಿದೆ!" ಆಮೇಲೆ ಗಂಟಲು ಸರಿಮಾಡಿಕೊಂಡರು. "ತಪ್ಪು ತಪ್ಪೇ. ನಾಳೆ ನನಗೆ ಉಪವಾಸ. ಹೊತ್ತು ಮೂಡಿದಲ್ಲಿಂದ ನಾಡಿದ್ದು ಹೊತ್ತು ಮೂಡುವ ತನಕ. ಈ ಕಲ್ಲಿಟ್ಟವನಿಗೂ ಉಪವಾಸ. ಮನೆಯಲ್ಲಿ ನಾಳೆ ಒಲೆ ಹೊತ್ತಿಸೂದು ಬೇಡ, ಒಂದು ಪಾತ್ರೆಯೂ ಬಗ್ಗೂದು ಬೇಡ."

ಪ್ರಭಾವತಿ ಆ ಮಾತನ್ನು ಒಮ್ಮೆ ಒಳಗೆ ಹಾಕಿಕೊಂಡಳು, ಹೊರಳಿಸಿ ನೋಡಿದಳು.

"ಅತ್ತೆ, ಹಾಗಾದ್ರೆ... ಸಂಜೆಗೆ?"

"ಸಂಜೆಗೆ ಎಂತ? ಸಂಜೆಗೆ ಏನೂ ಇಲ್ಲ."

"ಏನೂ ಇಲ್ಲ!" ಎಂದಳು ಪ್ರಭಾವತಿ. ಇಷ್ಟು ಚಂದದ ಮಾತನ್ನು ಅವಳು ಕೇಳಿಯೇ ಇರಲಿಲ್ಲ.

"ಉಪವಾಸ ಇರುವವರ ಮುಖ ನೋಡ್ತಾ ಇಲ್ಲಿ ಕೂತು ಎಂತ ಮಾಡ್ತೀ? ಬೆಳಗ್ಗಿನ ಬಸ್ಸಿಗೆ ಹೋಗು. ರಾತ್ರಿ ತಂಗಿಯ ಜೊತೆ ಇದ್ದು ನಾಡಿದ್ದು ಬಾ."

"ನನಗೆ ಉಪವಾಸ ಇಲ್ವಾ ಅತ್ತೆ?"

"ನೀನು ಎಲ್ಲಿ ಉಂಡದ್ದು? ಬಡಿಸ್ಲಿಕ್ಕೇ ನಿನಗೆ ಹೊತ್ತು ಸಾಕಾಗ್ಲಿಲ್ಲ. ಬೆಳುವಾಯಿಯಲ್ಲಿ ಹೊಟ್ಟೆ ತುಂಬ ಉಣ್ಣು. ಆದ್ರೆ ಮೊದಲು ಹೊರಗೆ ಬಂದು ಮೇಲೆ ನೋಡು. ಕಿಟಕಿಯನ್ನು ನಂಬಬೇಡ."

ಶುಕೂರ್ ಬ್ಯಾರಿಗಳಿಗೆ ಮೊದಲು ನಗು ಬಂತು. ಆಮೇಲೆ ಯಾರ ನಗು ಯಾರದ್ದೆಂದು ಆ ಕತ್ತಲಲ್ಲಿ ಹೇಳುವಂತಿರಲಿಲ್ಲ.

ಆದರೆ ಕಲ್ಲಿಗೆ ಒಂದು ಗತಿ ಕಾಣಿಸಬೇಕಲ್ಲ. ಮನೆಯೊಳಗೆ ಅದು ಬೇಡವೆಂದರು ಅತ್ತೆ. ತಾವು ಎಲ್ಲದಕ್ಕೂ ಇಷ್ಟೇ ಸಾಕು ಎಂದು ಮಿತಿ ಹಾಕಿಕೊಂಡವರು, ಮಿತಿಯೇ ಇಲ್ಲದ್ದನ್ನು ಯಾವ ಕೋಣೆಯಲ್ಲಿ ಇಡುವುದು? ರಸ್ತೆ ಪಕ್ಕದ ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಹೊಂಡದಲ್ಲಿ ಮಳೆನೀರು ತುಂಬಿತ್ತು. ಅದಕ್ಕೆ ಹಾಕಿ, ಊರಿಗೆಲ್ಲ ಆಗಲಿ ಎಂದರು. ಹಾಕುವ ಮೊದಲು ಅದರೊಳಗಿನ ಒಂದೊಂದು ಕಪ್ಪೆಯನ್ನೂ ಹಿಡಿದು ಆಚೆಯ ಗದ್ದೆಗೆ ಬಿಡಬೇಕು. ಕಲ್ಲಿಟ್ಟವನೇ ಹಿಡಿಯಬೇಕು.

ಗುರುವಾರ ಬೆಳಿಗ್ಗೆ ಪ್ರಭಾವತಿ ಹಸಿರು ಸೀರೆ ಉಟ್ಟು, ಬಾಳೆಯೆಲೆಯಲ್ಲಿ ಕಟ್ಟಿದ ಮಲ್ಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಬಸ್ಸು ಕೋರೆಯ ತಿರುವಿಗೆ ಬಂತು. ಬಂದದ್ದೇ, ಒಳಗಿದ್ದವರೆಲ್ಲ ಒಂದು ಬದಿಗೆ ವಾಲಿದರು.

ಕೋರೆಯಿಂದ ಹಬೆ ಮೋಡದಂತೆ ಏಳುತ್ತಿತ್ತು. ಹಬೆಯ ನಡುವೆ ತಲೆಗಳು. ವೇಣೂರಿನ ಗಂಡಸರು ಅರ್ಧಕ್ಕರ್ಧ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಕಣ್ಣುಮುಚ್ಚಿ ಕೂತಿದ್ದರು. ವೆಂಕಪ್ಪ ಮಾಸ್ಟ್ರು ನೀರಿನೊಳಗಿಂದಲೇ ಕೈಯೆತ್ತಿ ಏನೋ ಭಾಷಣ ಮಾಡುತ್ತಿದ್ದರು. ಹುಕ್ರಪ್ಪ ಶುಕೂರ್ ಬ್ಯಾರಿಗಳ ಬೆನ್ನು ಉಜ್ಜುತ್ತಿದ್ದ. ದಂಡೆಯಲ್ಲಿ ಅಭಯಚಂದ್ರ, ಪಂಚೆ ಎತ್ತಿ ಕಟ್ಟಿ, ಕೈಯಲ್ಲೊಂದು ಬುಟ್ಟಿ ಹಿಡಿದು ಅತ್ತಿಂದಿತ್ತ ಓಡುತ್ತಿದ್ದ. ಗದ್ದೆಗೆ ಬಿಟ್ಟ ಕಪ್ಪೆಗಳು ಹಳೆಯ ಮನೆಯ ನೆನಪಿನಲ್ಲಿ ಒಂದೊಂದಾಗಿ ಹಿಂದಿರುಗುತ್ತಿದ್ದವು, ಅವನು ತಡೆಯುತ್ತಿದ್ದ.

"ನಿಲ್ಲಿಸು ಮಮ್ಮು! ಒಂದು ಮುಳುಗು ಹಾಕಿ ಬರ್ತೇವೆ!" ಎಂದರು ಬಸ್ಸಿನವರು.

ಹೇಳುವ ಮೊದಲೇ ಮಮ್ಮು ನಿಲ್ಲಿಸಿಯಾಗಿತ್ತು. ಹೆಗಲಿಗೆ ತುಂಡುಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಇಳಿದವನೂ ಅವನೇ. "ಒಂದೇ ನಿಮಿಷ ಅಕ್ಕ!" ಕಂಡಕ್ಟರೂ ಇಳಿದ. ಕೋಳಿ ಹಿಡಿದುಕೊಂಡವನು ಕೋಳಿಯನ್ನು ಸೀಟಿಗೆ ಕಟ್ಟಿ ಇಳಿದ. ಬಸ್ಸಿನಲ್ಲಿ ಉಳಿದದ್ದು ಪ್ರಭಾವತಿ ಮತ್ತು ಆ ಕೋಳಿ.

ಒಂದು ನಿಮಿಷವಾಯಿತು. ಇನ್ನಷ್ಟು ಆಯಿತು. ಬಿಸಿನೀರಿಗೆ ಇಳಿದ ಈ ಸೀಮೆಯ ಗಂಡಸು ತಾನಾಗಿ ಎದ್ದುಬಂದದ್ದುಂಟೇ? ಅದರಲ್ಲೂ ಇದು ಎಂದೂ ಆರದ ನೀರು. ಮೂಡುಬಿದಿರೆ ದಾಟಬೇಕು, ಬೆಳುವಾಯಿ ಮುಟ್ಟಬೇಕು, ಅಲ್ಲಿ ಪ್ರಫುಲ್ಲಾ ಮಣೆಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿರುತ್ತಾಳೆ.

ಪ್ರಭಾವತಿ ಎದ್ದಳು. ಮಲ್ಲಿಗೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು, ಅಡ್ಡಕಂಬಿ ದಾಟಿ, ಹೋಗಿ ಡ್ರೈವರನ ಸೀಟಿನಲ್ಲಿ ಕೂತಳು. ರಬ್ಬರಿನ ಹಾರ್ನನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದಳು. ಪೋಂಯ್! ಯಾರೂ ತಿರುಗಲಿಲ್ಲ. ಮತ್ತೆ ಹಿಂಡಿದಳು. ಕೋಳಿಯೂ ಕೂಗಿತು. ಅವಳು ಬಿಡದೆ ಹಿಂಡಿ ಹಿಂಡಿ, ತಲೆ ಹೊರಗೆ ಹಾಕಿ, ವೇಣೂರು ಆ ತನಕ ಕೇಳಿರದ ಸ್ವರದಲ್ಲಿ ಕೂಗಿದಳು:

"ಮಮ್ಮು! ಈಗ ಬಾರದಿದ್ರೆ ನಾನೇ ಬಿಡ್ತೇನೆ ಬಸ್ಸು! ಬ್ರೇಕ್ ಹೇಗೂ ಇಲ್ವಲ್ಲ, ಕಲೀಲಿಕ್ಕೆ ಎಂತ ಉಂಟು?"

ಮಮ್ಮು ನೀರಿನಿಂದ ಮೀನಿನ ಹಾಗೆ ಜಿಗಿದ. ಅವನ ಹಿಂದೆ ಉಳಿದವರೂ ತೊಟ್ಟಿಕ್ಕುತ್ತ ಓಡಿ ಬಂದು ಹತ್ತಿದರು. ಒದ್ದೆ ಬಸ್ಸು, ಒದ್ದೆ ಜನ, ಕಿಟಕಿಗಳಿಂದ ಹಬೆ. ಮೂಡುಬಿದಿರೆಯಲ್ಲಿ ಕಂಡವರು ಬಸ್ಸಿಗೆ ಬೆಂಕಿ ಬಿತ್ತೆಂದು ಬಾಲ್ದಿ ಹಿಡಿದು ಬಂದರು. ಬೆಳುವಾಯಿ ಮುಟ್ಟುವಾಗಲೂ ಮಮ್ಮುವಿನ ಕಿವಿಯಿಂದ ನೀರು ಇಳಿಯುತ್ತಿತ್ತು.

ಪ್ರಫುಲ್ಲಾ ಮಣೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರು. ಅಕ್ಕನನ್ನು ಕಂಡದ್ದೇ ಅವಳ ಮುಖ ಅರಳಿತು.

"ಹೊತ್ತು ಮೀರಿತೆಂದು ಹೆದರಿದ್ದೆ ಅಕ್ಕ. ಭಾವ ಬರ್ಲಿಲ್ವಾ?"

"ಇಲ್ಲ ಮಾರಾಯ್ತಿ," ಎಂದಳು ಪ್ರಭಾವತಿ ಮಲ್ಲಿಗೆ ಬಿಚ್ಚುತ್ತ. "ಅವರು ಕಪ್ಪೆ ಹಿಡೀತಾ ಇದ್ದಾರೆ."

"ಎಂತದು?"

"ಕಪ್ಪೆ. ಉಪವಾಸದಲ್ಲಿ."

ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ಉಕ್ಕಿಬಂತು. ತಂಗಿಗೂ ಬಂತು, ಏಕೆಂದು ಗೊತ್ತಿಲ್ಲದೆಯೇ. ಸುತ್ತಲಿನ ಹೆಂಗಸರು, ಬಸುರಿಯನ್ನು ಹಾಗೆ ನಗಿಸಬಾರದು, ಹೂ ಮುಡಿಸಿ, ಹೂ ಮುಡಿಸಿ ಎಂದು ಅವಸರಿಸಿದರು. ಪ್ರಭಾವತಿ ಮುಡಿಸಿದಳು. ಕೈ ಕುಲುಕುತ್ತಿತ್ತು, ಪ್ರಫುಲ್ಲಾಳ ತಲೆ ಕುಲುಕುತ್ತಿತ್ತು, ಮಲ್ಲಿಗೆ ಸೊಟ್ಟಗೆ ಕೂತು ಕಿವಿಯ ಮೇಲೆ ಇಳಿಯಿತು. ತೆಗೆದು ಮತ್ತೆ ಮುಡಿಸಿದಳು. ಆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದ. ಅವಳು ಒಮ್ಮೆಯೂ ಅವನ ಕಡೆ ನೋಡಲಿಲ್ಲ.